ಸೇತುವೆಯ ಮಧ್ಯದವರೆಗಿನ ನರ್ಸ್

ಗೇಲನ್ ಹೋಲ್ಟ್‌ಕಾಂಪನ ದುಃಖ ಒಂದೇ: ಕಟ್ಟಿಕೊಂಡ ಹೆಂಡತಿ ನರ್ಸ್. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಂದಿನಿಂದ ಅವನ ತಟ್ಟೆಯಿಂದ ಉಪ್ಪು ಗಡೀಪಾರಾಗಿತ್ತು, ಹಂದಿಮಾಂಸದ ಬೇಕನ್ ದಿವಂಗತವಾಗಿತ್ತು. ಬೇಯಿಸಿದ ಕೋಸು ಕಂಡು ಮುಖ ಸಿಂಡರಿಸಿದರೆ ಸಾಕು, ಮಾರ್ಲಿಸ್ ಬಿಪಿ ಪಟ್ಟಿಯನ್ನು ತೋಳಿಗೆ ಸುತ್ತುತ್ತಿದ್ದಳು. (ಕೋಸು ಕಂಡೇ ಬಿಪಿ ಏರುತ್ತದೆ ಎಂಬ ಅವನ ವಾದ ವಜಾ ಆಗಿತ್ತು.)

ಅವರ ಊರು ಅಮೆರಿಕದ ಅಯೋವಾ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಡದ ಮೇಲೆ. ಸೇತುವೆ ದಾಟಿದರೆ ಇಲಿನಾಯ್ ರಾಜ್ಯ. ಒಂದು ಸಂಜೆ ಮಾರ್ಲಿಸ್ ಗೊಣಗುತ್ತಲೇ ಮನೆಯೊಳಗೆ ಬಂದಳು.

"ಆಚೆ ದಡದ ಆಸ್ಪತ್ರೆಯವ್ರು ಬಾ ಬಾ ಅಂತಾರೆ. ಹೋಗೋದು ಹೇಗೆ? ಒಂದು ಕಡೆಯ ನರ್ಸ್ ಲೈಸೆನ್ಸ್ ಇನ್ನೊಂದು ಕಡೆನೂ ನಡೀಲಿ ಅಂತ ಎಷ್ಟೊಂದು ರಾಜ್ಯಗಳು ಒಪ್ಪಂದ ಮಾಡ್ಕೊಂಡಿವೆ. ಈ ಅಯೋವಾ ಲೈಸೆನ್ಸ್ ಹಿಡ್ಕೊಂಡು ದೂರದ ಫ್ಲೋರಿಡಾಕ್ಕೆ ಹೋಗಿ ಸೂಜಿ ಚುಚ್ಚಬಹುದು. ಕಣ್ಣೆದುರಿನ ಇಲಿನಾಯ್ ಮಾತ್ರ ಸೇರಿಲ್ಲ. ಸೇತುವೆ ಮಧ್ಯದ ಗೆರೆ ದಾಟಿದ್ರೆ ನಾನು ನರ್ಸೇ ಅಲ್ಲ."

ಗೇಲನ್ ಫೋರ್ಕ್ ಕೆಳಗಿಟ್ಟ. "ಇನ್ನೊಂದ್ಸಲ ಹೇಳು."

"ಯಾಕೆ?"

"ಸುಮ್ನೆ. ಕಿವಿಗೆ ಹಿತವಾಗಿತ್ತು."

ಶನಿವಾರ ಅವನು ಗೆರೆಯಾಚೆ, ಗೆಳೆಯ ಡ್ವೈಟ್‌ನ ಮೀನುಗಾರಿಕೆಯ ಗುಡಿಸಲಿನಲ್ಲಿದ್ದ. ಎದುರಿಗೆ ಬಾಣಲೆಯಲ್ಲಿ ಬೇಕನ್ ಚಟಪಟ ಎನ್ನುತ್ತಿತ್ತು. ಫೋನ್ ಬಂತು.

"ಏನು ತಿಂತಿದ್ದೀಯಾ?"

"ಅದನ್ನ ಕೇಳೋ ಅಧಿಕಾರ ನಿನಗಿಲ್ಲ ಕಣೇ. ಇದು ಇಲಿನಾಯ್. ಲೈಸೆನ್ಸ್ ಇಲ್ಲದೆ ರೋಗಿಗೆ ಸಲಹೆ ಕೊಡೋದು ಅಪರಾಧ."

ಮಾರ್ಲಿಸ್ "ಸರಿ" ಎಂದಷ್ಟೇ ಹೇಳಿ ಫೋನ್ ಇಟ್ಟಳು. ಅನುಭವಿ ಗಂಡನಾದವನು ಆ "ಸರಿ"ಗೆ ಹೆದರಬೇಕಿತ್ತು. ಗೇಲನ್ ಇನ್ನೊಂದು ತುಂಡು ತೆಗೆದುಕೊಂಡ.

ಮಧ್ಯಾಹ್ನ ಡ್ವೈಟ್ ಮೂರನೇ ಬಿಯರಿನ ಹುರುಪಿನಲ್ಲಿ ಗಾಳ ಬೀಸಿದ. ಗಾಳ ನದಿಯ ಕಡೆ ಹೋಗಲಿಲ್ಲ. ಹುಳು ಹೆಕ್ಕಲು ಬಗ್ಗಿದ್ದ ಗೇಲನ್‌ನ ಹಿಂಭಾಗದಲ್ಲಿ, ಕೂರಲು ಅತ್ಯಗತ್ಯವಾದ ಜಾಗದಲ್ಲೇ, ಭದ್ರವಾಗಿ ನಾಟಿತು.

"ಇಷ್ಟು ದೊಡ್ಡದು ಯಾವತ್ತೂ ಸಿಕ್ಕಿರ್ಲಿಲ್ಲ," ಎಂದ ಡ್ವೈಟ್. ರಕ್ತ ಕಂಡವನೇ ಬಿಳುಚಿಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟ.

ಆಸ್ಪತ್ರೆಗೆ ಹೋದರೆ ಎರಡೂ ದಡಕ್ಕೆ ಸುದ್ದಿ. ಗೇಲನ್ ಫೋನ್ ಎತ್ತಿಕೊಂಡ.

"ನಂಗೊಬ್ಬ ನರ್ಸ್ ಬೇಕು."

"ಎಲ್ಲಿದ್ದೀರಿ?" ಮಾರ್ಲಿಸ್ ಆಸ್ಪತ್ರೆಯ ದನಿಯಲ್ಲಿ ಕೇಳಿದಳು.

"ಗುಡಿಸಲಲ್ಲೇ. ಆಟ ಆಡ್ಬೇಡ, ಬೇಗ ಬಾ."

"ನರ್ಸ್ ಗೆರೆ ದಾಟೋ ಹಾಗಿಲ್ಲ. ರೋಗಿನೇ ಬರಬೇಕು."

ಡ್ವೈಟ್ ಕಾರು ಓಡಿಸುವ ಸ್ಥಿತಿಯಲ್ಲಿರಲಿಲ್ಲ. ಗೇಲನ್ ಕೂರುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಹಿಂದಕ್ಕೆ ಕೈ ಹಿಡಿದುಕೊಂಡು ಸೇತುವೆಯ ಕಾಲುದಾರಿಯಲ್ಲಿ ನಡೆದೇ ಹೊರಟ. ಪಕ್ಕದಲ್ಲಿ ಹೋದ ಲಾರಿಯವರೆಲ್ಲ ಹಾರ್ನ್ ಹೊಡೆದು ಗೌರವ ಸಲ್ಲಿಸಿದರು.

ಸೇತುವೆಯ ಮಧ್ಯದಲ್ಲಿ, ಅಯೋವಾಕ್ಕೆ ಸ್ವಾಗತ ಎಂಬ ಫಲಕದ ಪಕ್ಕದಲ್ಲಿ ಮಾರ್ಲಿಸ್ ಚೀಲ ಹಿಡಿದು ನಿಂತಿದ್ದಳು. ಅವನು ಗೆರೆಗಿಂತ ಒಂದು ಹೆಜ್ಜೆ ಹಿಂದೆಯೇ ನಿಂತ.

"ಇಲ್ಲಿಂದ ಕೈ ಎಟುಕುತ್ತಲ್ಲ?"

"ಗಾಳ ಯಾವ ರಾಜ್ಯದಲ್ಲಿದೆ?"

ಗೇಲನ್ ಗೆರೆ ದಾಟಿದ. ಅವಳು ಅವನನ್ನು ಕಂಬಿಗೆ ಒರಗಿಸಿ ಪ್ಯಾಂಟು ಕತ್ತರಿಸುವಾಗಲೇ ಪಾದ್ರಿಯ ಕಾರು ನಿಧಾನವಾಯಿತು. ಪಾದ್ರಿಯ ಹೆಂಡತಿ ಗಾಜು ಇಳಿಸಿದರು.

"ಮಾರ್ಲಿಸ್, ನಾಳೆ ಪ್ರಾರ್ಥನೆಲಿ ಸೇರಿಸೋದಾ?"

"ಇವನ ಹೆಸರು ಸೇರಿಸಿ ಮೇಡಂ. ಜಾಗದ ಹೆಸರು ಬೇಡ."

ಗಾಳ ಹೊರಬಂತು. ಗೇಲನ್ ಕಣ್ಣೊರೆಸಿಕೊಂಡ. "ನಿಜ ಹೇಳು. ಗುಡಿಸಲಿಗೆ ಬಂದು ಇದನ್ನ ಕಿತ್ತಿದ್ರೆ ನಿನ್ನ ಲೈಸೆನ್ಸ್ ಹೋಗ್ತಿತ್ತಾ?"

"ಗಂಡನ ಮೈಯಿಂದ ಗಾಳ ಕೀಳೋಕೆ ಯಾವ ರಾಜ್ಯದಲ್ಲೂ ಲೈಸೆನ್ಸ್ ಬೇಕಿಲ್ಲ."

"ಮತ್ಯಾಕೆ ಬರ್ಲಿಲ್ಲ?"

ಮಾರ್ಲಿಸ್ ಬ್ಯಾಂಡೇಜನ್ನು ಅಗತ್ಯಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಒತ್ತಿದಳು.

"ಹೆಂಡ್ತೀನ ಕರೆದಿದ್ರೆ ಓಡಿ ಬರ್ತಿದ್ದೆ. ನೀನು ನರ್ಸ್ ಬೇಕು ಅಂದೆ."