ಕೊನೆಯ ಹದಿನಾರು ಪುಟ

ಎಂಟನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ಶುರುವಾದ ಸೋಮವಾರ ನಾನು ಮೊದಲ ಸಲ ಊರು ಬಿಟ್ಟೆ. ಪರೀಕ್ಷೆಗೆಂದು ಬಸ್ಸು ಹತ್ತಿದವನು ಶಾಲೆಯ ಸ್ಟಾಪಿನಲ್ಲಿ ಇಳಿಯಲೇ ಇಲ್ಲ. ಈಗ ಎರಡು ಚೀಲ ಹಳೇ ಪುಸ್ತಕ ಹೊತ್ತು ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತುತ್ತೇನೆ. ಮಾರುವುದೂ ಉಂಟು, ಬಾಡಿಗೆಗೆ ಕೊಡುವುದೂ ಉಂಟು. ಒಂದು ಕಡೆ ಕಾಲೂರಿ ನಿಲ್ಲದವನಿಗೆ ಇಂಥವು ಆಗುತ್ತಲೇ ಇರುತ್ತವೆ.

೧. ಸಾಗರದ ಕ್ಷೌರಿಕ

ಚೀಲದಲ್ಲೊಂದು ಪತ್ತೇದಾರಿ ಕಾದಂಬರಿ ಇತ್ತು. ರಟ್ಟು ಕಿತ್ತುಹೋಗಿ ಅದರ ಹೆಸರೂ ಇಲ್ಲ, ಬರೆದವರ ಹೆಸರೂ ಇಲ್ಲ. ಸತ್ತವನ ಜೇಬಿನಲ್ಲಿ ಕೇರಳದ ಲಾಟರಿ ಟಿಕೆಟ್ಟು ಸಿಗುತ್ತದೆ, ಅದಕ್ಕೆ ಬಹುಮಾನ ಬಂದಿರುತ್ತದೆ, ಮೂವರು ಗೆಳೆಯರು ಅದರ ಹಿಂದೆ ಬೀಳುತ್ತಾರೆ, ಹೆಣ ಉರುಳುತ್ತ ಹೋಗುತ್ತದೆ. ಓದಿದವರೆಲ್ಲ ದುರಾಸೆ ಎಂದರೆ ಹೀಗಪ್ಪ ಎನ್ನುತ್ತಿದ್ದರು. ನನಗೂ ಅದು ತಟ್ಟಿತು, ಆದರೆ ಬೇರೆ ಥರ. ಕೊನೆಯ ಹದಿನಾರು ಪುಟ ಬ್ಲೇಡಿನಲ್ಲಿ ಕೊಯ್ದು, ಪಿನ್ನು ಹೊಡೆದು, ಅದಕ್ಕೇ ಬೇರೆ ಬಾಡಿಗೆ ಇಟ್ಟೆ.

ಮೊದಲು ಒಯ್ದವನು ಸಾಗರದ ಒಬ್ಬ ಕ್ಷೌರಿಕ. ಕೊನೆ ಕೇಳಿಕೊಂಡು ಬರಲೇ ಇಲ್ಲ. ಹೋಗಿ ನೋಡಿದರೆ ಗಿರಾಕಿಗಳಿಗೆ ಕಥೆ ಹೇಳುತ್ತ, ಯಾರಿಗೆ ಯಾರ ಮೇಲೆ ಸಿಟ್ಟೋ ಅವರನ್ನೇ ಕೊಲೆಗಾರ ಮಾಡಿ ಮುಗಿಸುತ್ತಿದ್ದಾನೆ. ಅಂಗಡಿ ತುಂಬಿತ್ತು. ಗಡ್ಡಕ್ಕೆ ಕೂತವನು ನಾನೂ ಕೇಳಿದೆ, ಕೊನೆಗೆ ಕೊಲೆ ಮಾಡಿದ್ದು ಯಾರಪ್ಪ ಅಂತ.

"ಊರೂರು ತಿರುಗೋ ಪುಸ್ತಕದ ವ್ಯಾಪಾರಿ," ಅಂದ. ಕತ್ತಿ ನನ್ನ ಗಂಟಲ ಮೇಲೇ ಇತ್ತು.

೨. ದಿನಕ್ಕೊಂದು ಪುಟ

ಆಮೇಲೆ ಪುಸ್ತಕ ಹೋಗಿದ್ದು ಹೊಸನಗರಕ್ಕೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಹೋಟೆಲು ನಡೆಸುವ ಒಬ್ಬ ಅಕ್ಕ. ಅವರ ಗಂಡ ಲಾರಿ ಡ್ರೈವರು. ಲಕ್ವ ಹೊಡೆದು ಮಾತು ನಿಂತಿತ್ತು. ದಿನಾ ಗಟ್ಟಿಯಾಗಿ ಓದಿಸಿ, ಮಾತು ಮರಳಬಹುದು ಎಂದಿದ್ದರು ಡಾಕ್ಟರು. ಅಕ್ಕ ದೇವರ ಪುಸ್ತಕ ಕೊಟ್ಟರು, ಆಸಾಮಿ ಬಾಯಿ ಬಿಡಲಿಲ್ಲ. ಪೇಪರು ಕೊಟ್ಟರು, ಅದನ್ನು ಕೆಳಗೆ ಹಾಸಿಕೊಂಡು ಕೂತ. ನನ್ನ ಕಾದಂಬರಿಯಲ್ಲಿ ಮೊದಲ ಪುಟಕ್ಕೇ ಹೆಣ ಬಿತ್ತು ನೋಡಿ, ತೊದಲುತ್ತ ಓದತೊಡಗಿದ.

ದಿನಕ್ಕೊಂದು ಪುಟದಂತೆ ಐದು ತಿಂಗಳು. ಓದಿದ್ದು ಬಿಟ್ಟರೆ ಸ್ವಂತದ ಮಾತು ಒಂದೂ ಇಲ್ಲ, ನೀರಿಗೂ ಕೈಸನ್ನೆಯೇ. ಆದರೂ ಓದು ದಿನದಿಂದ ದಿನಕ್ಕೆ ಸಲೀಸಾಗುತ್ತಿತ್ತು. ಅಷ್ಟರಲ್ಲಿ ಪುಟ ಮುಗಿಯಿತು. ಕೊಲೆಗಾರ ಯಾರೆಂದು ತಿಳಿಯದೆ ಆತ ಬೇರೆ ಏನನ್ನೂ ಮುಟ್ಟಲೊಲ್ಲ. ಇದ್ದ ಮಾತೂ ಹೋಗುತ್ತದೇನೋ ಎಂದು ಅಕ್ಕ ನಾಲ್ಕು ಸಲ ಫೋನು ಮಾಡಿದರು.

"ಪುಸ್ತಕದಣ್ಣ, ಆ ಕೊನೆ ಪುಟ ಎಲ್ಲಿದ್ರೂ ಹುಡುಕಿ ತಂದ್ಕೊಡಿ," ಅಂದರು. ಕತ್ತರಿಸಿದ್ದು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಲಕ್ವ ನನಗೇ ಹೊಡೆದ ಹಾಗಿತ್ತು.

೩. ಕೋಣಂದೂರಿನ ಮೇಷ್ಟ್ರು

ಆ ಹದಿನಾರು ಪುಟ ಒಯ್ದಿದ್ದವರು ಕೋಣಂದೂರಿನ ಒಬ್ಬ ರಿಟೈರ್ಡ್ ಮೇಷ್ಟ್ರು. ಮೊದಲಿಂದ ಓದುವಷ್ಟು ಪುರುಸೊತ್ತಿಲ್ಲ, ಕೊನೆ ಮಾತ್ರ ಸಾಕು ಎಂದು ಬರೀ ಅದನ್ನೇ ಬಾಡಿಗೆಗೆ ಪಡೆದ ಏಕೈಕ ಗಿರಾಕಿ. ಓಡಿಹೋಗಿ ಕೇಳಿದೆ.

ಬಚ್ಚಲ ಒಲೆಗೆ ಹಾಕಿದೆ ಎಂದರು. ಕೊಲೆ ಮಾಡಿದವನು ಟಿಕೆಟ್ಟಿನ ದುಡ್ಡು ಎತ್ತಿಕೊಂಡು ಹಾಯಾಗಿ ತಪ್ಪಿಸಿಕೊಳ್ಳುತ್ತಾನಂತೆ. ಅಂಥ ಕಥೆ ಮಕ್ಕಳ ಕೈಗೆ ಸಿಗಬಾರದಂತೆ. ಸುಟ್ಟಿದ್ದು ಸುಟ್ಟಿರಿ ಸಾರ್, ಅವನ ಹೆಸರಾದರೂ ಹೇಳಿ ಎಂದು ಕೈ ಮುಗಿದೆ.

"ಆ ದರಿದ್ರದವನ ಹೆಸರು ಈ ಮನೇಲಿ ಎತ್ತಬಾರದು," ಅಂದವರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

೪. ನಾನು ಬರೆದ ನಾಲ್ಕು ಪುಟ

ಉಳಿದದ್ದು ಒಂದೇ ದಾರಿ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೂತು, ನೋಟ್ ಬುಕ್ಕಿನಲ್ಲಿ ನಾಲ್ಕು ಪುಟ ನಾನೇ ಬರೆದೆ. ಎಂಟನೇ ಕ್ಲಾಸಿನ ನಂತರ ಪೆನ್ನು ಹಿಡಿದದ್ದು ಅದೇ ಮೊದಲು. ನನ್ನ ಕೊಲೆಗಾರ ಸಿಮೆಂಟಿನ ಲೋಡು ತುಂಬಿದ ಲಾರಿ ಕದ್ದು ಘಾಟಿ ಹತ್ತಿ ಮಾಸ್ತಿಕಟ್ಟೆ ಕಡೆಗೆ ಓಡುತ್ತಾನೆ, ಹಿಂದೆ ಪೊಲೀಸ್ ಜೀಪು. ಪುಸ್ತಕದ ಕೊನೆಗೆ ಇದೂ ಇತ್ತು, ಯಾರೋ ಕೈಯಲ್ಲಿ ಕಾಪಿ ಮಾಡಿದ್ದಾರೆ ಎಂದು ಸುಳ್ಳು ಹೇಳಿ, ಹೊಸನಗರದ ಹೋಟೆಲಿನಲ್ಲಿ ಡ್ರೈವರನ ಕೈಗಿಟ್ಟೆ.

ಆತ ಒಂದು ಪುಟ ಓದಿದ. ಎರಡನೆಯದರ ಅರ್ಧಕ್ಕೆ ನಿಂತ. ಹಿಂದಕ್ಕೆ ಹೋಗಿ ಅದೇ ಸಾಲು ಮತ್ತೆ ಓದಿದ. ಮುಖ ಕೆಂಪಾಯಿತು. ಏನೋ ಹೆಚ್ಚುಕಮ್ಮಿ ಆಯಿತೆಂದು ಎರಡು ಹೆಜ್ಜೆ ಹಿಂದೆ ಸರಿದೆ.

"ಲೋಡ್ ಗಾಡಿನ... ಟಾಪ್ ಗೇರಲ್ಲಿ ಘಾಟಿ ಹತ್ತಿಸ್ತಾನಾ? ಬರ್ದವ್ನಿಗೆ ತಲೆ ಇದ್ಯಾ?"

ಇದು ಪುಟದ ಮೇಲೆ ಇರಲಿಲ್ಲ. ಅಕ್ಕ ದೋಸೆ ಮಗುಚುವ ಸಟ್ಟುಗ ಹಿಡಿದೇ ಹೊರಗೆ ಬಂದರು. ಏನಂದ್ರಿ ಎಂದು ಕೇಳಿದರು. ಆತ ಮತ್ತೆ ಹೇಳಿದ, ಈ ಸಲ ಬರೆದವನ ಅಪ್ಪನನ್ನೂ ಸೇರಿಸಿ. ಕ್ಲಚ್ಚು ಎಂದರೇನು ಎಂದು ಕಂಡಿದ್ದಾನಾ, ಕತ್ತೆ ಹೊಡೆದಾದರೂ ಗೊತ್ತಾ ಎಂದು ತಡೆ ತಡೆದು ಜಾಡಿಸಿದ. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಇನ್ನೊಂಚೂರು ಬೈರಿ, ಇನ್ನೊಂಚೂರು ಬೈರಿ ಎಂದು ಬೇಡಿಕೊಳ್ಳುತ್ತಿದ್ದರು. ಟೀ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು.

ನಾನು ಮೆಲ್ಲಗೆ ಪುಸ್ತಕಗಳನ್ನು ಚೀಲಕ್ಕೆ ತುಂಬತೊಡಗಿದೆ. ಅಕ್ಕ ಅಡ್ಡ ನಿಂತರು.

"ಎಲ್ಲಿಗೆ ಹೊರಟ್ರಿ? ಒಂದೂವರೆ ಪುಟಕ್ಕೇ ಇಷ್ಟು ಮಾತು ಬಂತು. ಕೂತ್ಕೊಳ್ಳಿ, ಇನ್ನೂ ಎರಡೂವರೆ ಇದೆ."

ಮುಂದೆ ಏನಿದೆಯೆಂದು ನನಗೆ ಗೊತ್ತಿತ್ತಲ್ಲ. ಮೂರನೇ ಪುಟದಲ್ಲಿ ನನ್ನ ಕೊಲೆಗಾರ ಅದೇ ಟಾಪ್ ಗೇರಿನಲ್ಲಿ ಲಾರಿಯನ್ನು ರಿವರ್ಸ್ ತೆಗೆಯುತ್ತಾನೆ. ಚೀಲದ ಬಾಯಿ ಬಿಗಿದು, ಹೊರಟು ನಿಂತಿದ್ದ ಸಾಗರದ ಬಸ್ಸಿನ ಕಡೆ ಓಡಿದೆ.