ಕೆಂಪಿಯ ಕೋಟು

ಒಂದು ಮೊಳೆ ಹೊಡೆಯಲು ಎಷ್ಟು ಹೊತ್ತು ಬೇಕು? ಸುತ್ತಿಗೆ ಹುಡುಕುವುದೂ ಸೇರಿ ಐದು ನಿಮಿಷ. ಟೈಲರ್‌ಗೆ ನಾಲ್ಕು ತಿಂಗಳೂ ಸಾಲದಾಗಿತ್ತು.

ಅವನ ಹಿತ್ತಿಲಿಗೂ ಪಕ್ಕದ ಮನೆಯ ರಿಟೈರ್ಡ್ ಬಸ್ ಕಂಡಕ್ಟರರ ಹಿತ್ತಿಲಿಗೂ ನಡುವೆ ಒಂದು ಮರದ ಕಿರುಬಾಗಿಲಿತ್ತು. ಅದರ ಚಿಲಕ ಬೀಳಲಿರುವ ಹಾಲುಹಲ್ಲಿನಂತೆ ಒಂದೇ ಮೊಳೆಯಲ್ಲಿ ಜೋತಾಡುತ್ತಿತ್ತು. ಹೆಂಡತಿ ಹೇಳಿದಾಗಲೆಲ್ಲ ಅವನು “ನಾಳೆ” ಅನ್ನುತ್ತಿದ್ದ. ಗಿರಾಕಿಗಳಿಗೂ ಅವನು ಅದನ್ನೇ ಹೇಳುವುದು. ಬೀದಿಯವರು ಅವನಿಗೆ ‘ನಾಳೆ ಟೈಲರ್’ ಎಂದೇ ಹೆಸರಿಟ್ಟಿದ್ದರು. ಮುಂದಿನ ಕೋಣೆಯ ಅಂಗಡಿಗೆ ಬೋರ್ಡು ಬರೆಸುವುದನ್ನೂ ಅವನು ನಾಳೆಗೆ ಇಟ್ಟುಕೊಂಡಿದ್ದರಿಂದ ಆ ಹೆಸರೇ ನಿಂತುಹೋಗಿತ್ತು.

ಹೆಂಡತಿ ತಂಗಿಯ ಬಾಣಂತನಕ್ಕೆ ಹೋಗಿ ಹನ್ನೆರಡು ದಿನವಾಗಿತ್ತು. ಹೋಗುವಾಗ ಅವಳು ಹೇಳಿದ್ದು ಒಂದೇ ಮಾತು: “ರೀ, ನೀವು ಊಟ ಮಾಡ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು. ಕೆಂಪಿ ಹುಷಾರು.”

ಕೆಂಪಿ ಅವಳ ಕೋಳಿ. ಹೋದ ವರ್ಷ ಮರಿ ಮಾರುವವನ ಬುಟ್ಟಿಯಲ್ಲಿ ಕೊನೆಗೆ ಆರು ಮರಿ ಉಳಿದಿದ್ದಾಗ, ಐದನ್ನು ಕಂಡಕ್ಟರರು ತಮ್ಮ ಹುಂಜಕ್ಕೆ ಜೊತೆಯಾಗಲೆಂದು ಕೊಂಡರು. ಕುಂಟುತ್ತಿದ್ದ ಆರನೆಯದನ್ನು ಯಾರೂ ಕೇಳಲಿಲ್ಲ. ಅದನ್ನು ಇವಳು ಸೆರಗಿನಲ್ಲಿ ಸುತ್ತಿಕೊಂಡು ಬಂದು, ಶೂ ಡಬ್ಬಿಯಲ್ಲಿಟ್ಟು, ರಾತ್ರಿ ಎರಡೆರಡು ಸಲ ಎದ್ದು ನೋಡಿ ಬದುಕಿಸಿದ್ದಳು. ಮದುವೆಯಾದ ಹದಿನಾರು ವರ್ಷದಲ್ಲಿ ಟೈಲರ್‌ಗೆ ಜ್ವರ ಬಂದಾಗ ಅವಳು ಎದ್ದದ್ದು ಒಂದೊಂದೇ ಸಲ.

ಇವತ್ತು ಸಂಜೆ ಐದರ ಬಸ್ಸಿಗೆ ಅವಳು ಬರುವವಳಿದ್ದಳು. ಬೆಳಿಗ್ಗೆ ಏಳಕ್ಕೆ ಟೈಲರ್ ಕಿಟಕಿಯಿಂದ ಎಂದಿನಂತೆ ಒಂದು ಹಿಡಿ ಕಾಳು ಎಸೆದ. ಕಿರುಬಾಗಿಲು ಗಾಳಿಗೆ ಬಾಯಿಬಿಟ್ಟುಕೊಂಡು ನಿಂತದ್ದು ಕಣ್ಣಿಗೆ ಬಿತ್ತು. ಟೀ ಕುಡಿದು ಹಾಕೋಣ ಅಂದುಕೊಂಡ. ಟೀ ಅರ್ಧ ಆಗಿತ್ತು. ಹಿತ್ತಿಲಲ್ಲಿ ರಂಪ ಎದ್ದಿತು.

ಓಡಿ ಹೋಗಿ ನೋಡಿದರೆ ಕಂಡಕ್ಟರರ ನಾಯಿಯ ಬಾಯಲ್ಲಿ ಕಂದು ಪುಕ್ಕದ ಕಟ್ಟು, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ರೆಕ್ಕೆ ಬಿಚ್ಚಿ ಬಿದ್ದ ಕೋಳಿ. ನಾಯಿಯ ಹೆಸರು ಇನ್‌ಸ್ಪೆಕ್ಟರ್. ಮೂವತ್ತು ವರ್ಷ ಚೆಕಿಂಗ್ ಇನ್‌ಸ್ಪೆಕ್ಟರ್‌ಗಳಿಗೆ ಹೆದರಿ ಬದುಕಿದ ಕಂಡಕ್ಟರರು, ಪೆನ್ಷನ್ ಶುರುವಾದ ವಾರವೇ ಒಂದು ನಾಯಿ ತಂದು ಆ ಹೆಸರಿಟ್ಟು, ದಿನಕ್ಕೆ ಹತ್ತು ಸಲ “ಇನ್‌ಸ್ಪೆಕ್ಟರ್, ಕೂತ್ಕೋ!” ಎಂದು ಗದರಿ ಹಗುರವಾಗುತ್ತಿದ್ದರು.

“ಕಂಡಕ್ಟರಣ್ಣಾ! ಬನ್ನಿ ಇಲ್ಲಿ, ನಿಮ್ಮ ಇನ್‌ಸ್ಪೆಕ್ಟರ್ ಮಾಡಿರೋ ಕೆಲಸ ನೋಡಿ!”

ಕಂಡಕ್ಟರರು ಬನಿಯನ್ನಿನಲ್ಲೇ ಓಡಿಬಂದರು. ನಾಯಿಯ ಕಿವಿ ಹಿಡಿದರು. ಕೋಳಿ ನೋಡಿ ಅವರ ಮುಖ ಹರಿದ ಟಿಕೆಟ್ಟಿನಂತಾಯಿತು.

“ಅಯ್ಯೋ, ನಿನ್ನ ಹೆಂಡ್ತಿ ಕೋಳಿ ಅಲ್ಲವೇನಯ್ಯಾ? ಈ ಬಾಗಿಲು ಹೇಗೆ ತೆಗೀತು?”

“ಗಾಳಿ,” ಅಂದ ಟೈಲರ್. ಸುಳ್ಳೇನೂ ಅಲ್ಲವಲ್ಲ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡ. “ಬಾಗಿಲಿನ ಮಾತು ಆಮೇಲೆ. ನಾಯಿ ಸಾಕಿದವರು ಕಟ್ಟಿಹಾಕ್ಬೇಕೋ ಬೇಡ್ವೋ?”

ಗಲಾಟೆ ಕೇಳಿ ಎದುರುಮನೆಯ ನರ್ಸಕ್ಕ ಬಂದರು. ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ರಾತ್ರಿಪಾಳಿ ಮಾಡಿದವರು. ಮನುಷ್ಯರಿರಲಿ, ಕೋಳಿಯಿರಲಿ, ಅವರಿಗೆ ಎಲ್ಲರೂ ಬೆಡ್ ನಂಬರುಗಳೇ.

“ಸುತ್ತ ನಿಲ್ಲಬೇಡಿ. ಗಾಳಿ ಬಿಡಿ. ನೀನು ನೀರು ಕಾಯಿಸಿ ಉಪ್ಪು ಹಾಕಿ ಆರಿಸು. ಕಂಡಕ್ಟರೇ, ನೀವು ಒಂದು ರಟ್ಟಿನ ಡಬ್ಬಿ ತನ್ನಿ.”

ರೆಕ್ಕೆಯ ಹಿಂದೆ, ಬೆನ್ನಿನ ಮೇಲೆ ಎರಡು ಇಂಚಿನ ಗಾಯ. ನರ್ಸಕ್ಕ ಸುತ್ತಲಿನ ಪುಕ್ಕ ಕತ್ತರಿಸಿ, ಉಪ್ಪುನೀರಿನಲ್ಲಿ ತೊಳೆದು ಮುಲಾಮು ಹಚ್ಚಿದರು. ಟೈಲರ್ ಇಣುಕಿದ.

“ಅಕ್ಕಾ, ನಾಲ್ಕು ಹೊಲಿಗೆ ಹಾಕಿಬಿಡ್ಲಾ? ಸಣ್ಣ ಸೂಜಿ ಇದೆ. ಗೆರೆ ಕೂಡ ಕಾಣಿಸಲ್ಲ.”

“ನಾಯಿ ಕಚ್ಚಿದ ಗಾಯಕ್ಕೆ ಹೊಲಿಗೆ ಹಾಕಿದ್ರೆ ಒಳಗೇ ಕೀವಾಗತ್ತೆ. ತೆರೆದೇ ಇರಬೇಕು. ಆದ್ರೆ ನೊಣ ಕೂರಬಾರದು, ಅದೂ ಕುಕ್ಕಿಕೊಳ್ಳಬಾರದು.”

“ಅಂದ್ರೆ ಮೇಲೊಂದು ಹೊದಿಕೆ ಬೇಕು.”

“ಬೇಕು. ಇವತ್ತೇ ಬೇಕು,” ಅಂದರು ನರ್ಸಕ್ಕ ಅವನ ಮುಖವನ್ನೇ ನೋಡುತ್ತ. “ನಾಳೆ ಅಲ್ಲ.”

ಕಂಡಕ್ಟರರು ಕೈಕೈ ಹಿಸುಕಿಕೊಂಡರು. “ಅವಳು ಬಂದಾಗ ನಾನೇನು ಹೇಳಲಿ ಮಾರಾಯ?”

ಟೈಲರ್‌ಗೆ ಆಗ ಸ್ವಲ್ಪ ಧೈರ್ಯ ಬಂತು. ಹೆಂಡತಿಯ ಸಿಟ್ಟಿಗೆ ಇನ್ನೊಂದು ವಿಳಾಸ ಸಿಕ್ಕಿತ್ತು. ಅವನು ಎದೆ ಸೆಟೆಸಿ, ನರ್ಸಕ್ಕನಿಗೂ ಕೇಳುವ ಹಾಗೆ ಹೇಳಿದ: “ನೋಡಿ ಅಣ್ಣ, ನ್ಯಾಯ ಅಂದ್ರೆ ನ್ಯಾಯ. ಯಾರ ತಪ್ಪಿಂದ ಗಾಯ ಆಯ್ತೋ, ವಾಸಿ ಆಗೋವರೆಗೂ ಅವರೇ ನೋಡ್ಕೋಬೇಕು. ಇವತ್ತೊಂದು ದಿನ ನಾನು ನೋಡ್ತೀನಿ. ನಾಳೆಯಿಂದ ನಿಮ್ಮದು.”

“ಒಪ್ಪಿದೆ,” ಅಂದರು ಕಂಡಕ್ಟರರು. “ನರ್ಸಕ್ಕ ಸಾಕ್ಷಿ.” ಇನ್‌ಸ್ಪೆಕ್ಟರನ್ನು ಅವರು ಎಳೆದುಕೊಂಡು ಹೋಗಿ ಕಂಬಕ್ಕೆ ಕಟ್ಟಿದರು. ಅದು ಏನೋ ವಿವರಿಸುವುದಿದೆ ಎಂಬಂತೆ ಇಡೀ ಬೆಳಿಗ್ಗೆ ಬೊಗಳಿತು. ಯಾರೂ ಕೇಳಲಿಲ್ಲ.

ಟೈಲರ್ ಅಂಗಡಿಯ ಅರ್ಧ ಬಾಗಿಲು ಮುಚ್ಚಿ, ಕೋಳಿಯನ್ನು ಮೇಜಿನ ಮೇಲೆ ನಿಲ್ಲಿಸಿ ಟೇಪು ತೆಗೆದ. ಎದೆ ಹದಿನಾಲ್ಕು. ಬೆನ್ನುದ್ದ ಏಳು. ಕೊರಳು ನಾಲ್ಕೂವರೆ. ಸೊಂಟ ಎಲ್ಲಿ ಶುರುವಾಗುತ್ತದೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಅದು ಅವನ ಎಷ್ಟೋ ಗಿರಾಕಿಗಳಲ್ಲೂ ಗೊತ್ತಾಗುತ್ತಿರಲಿಲ್ಲ. ಬೀರುವಿನ ಮೇಲಿದ್ದ ಬೂದು ಲೈನಿಂಗ್ ಚೂರನ್ನು ಎಳೆದುಕೊಂಡು ಸೀಮೆಸುಣ್ಣದಲ್ಲಿ ಗೆರೆ ಹಾಕಿದ.

ಮಧ್ಯಾಹ್ನ ಹನ್ನೆರಡಕ್ಕೆ ಹೆಡ್‌ಮಾಸ್ತರು ಬಾಗಿಲು ತಳ್ಳಿಕೊಂಡು ಬಂದರು. ನಾಡಿದ್ದು ಅವರ ಬೀಳ್ಕೊಡುಗೆ. ಅದಕ್ಕೆಂದು ಒಳ್ಳೆಯ ಉಣ್ಣೆ ಬಟ್ಟೆ ಕೊಟ್ಟು ತಿಂಗಳಾಗಿತ್ತು.

“ನನ್ನ ಕೋಟು?”

“ಕಟಿಂಗ್ ಎಲ್ಲಾ ಆಗಿದೆ ಸಾರ್. ಜೋಡಿಸೋದಷ್ಟೇ.” ಇದು ನಿಜ. ಹನ್ನೆರಡು ದಿನದ ಹಿಂದೆ ಕತ್ತರಿಸಿ, ಟ್ರಯಲ್ ರೂಮಿನ ಬುಟ್ಟಿಯಲ್ಲಿ ಹಾಕಿಟ್ಟಿದ್ದ. ಟ್ರಯಲ್ ರೂಮೆಂದರೆ ಹಿಂಬಾಗಿಲಿನ ಪಕ್ಕದ ಮೂಲೆಗೆ ಕಟ್ಟಿದ ಒಂದು ಪರದೆ. ಯಾವ ಬಟ್ಟೆಯೂ ಟ್ರಯಲ್ಲಿನವರೆಗೆ ಬರುತ್ತಿರಲಿಲ್ಲವಾದ್ದರಿಂದ ಆ ಪರದೆ ಸರಿಸುವವರೂ ಇರಲಿಲ್ಲ.

“ಮತ್ತೆ ಇದೇನು ಹೊಲೀತಾ ಇದ್ದೀಯ?”

ಟೈಲರ್ ಕಥೆ ಹೇಳಿದ. ಹೆಡ್‌ಮಾಸ್ತರು ಕನ್ನಡಕ ಏರಿಸಿ, ಕೋಳಿಯ ಎದುರು ನಿಂತು, “ಅಲ್ಲಾಡಬೇಡ!” ಅಂದರು. ಕೋಳಿ ಅಲ್ಲಾಡಲಿಲ್ಲ. ಅದನ್ನು ಅವರೇ ಹಿಡಿದುಕೊಂಡರು. ಟೈಲರ್ ಕಾಜಾ ಮಾಡಿ, ಎರಡು ಗುಂಡಿ ಹಚ್ಚಿ ತೊಡಿಸಿದ. ರೆಕ್ಕೆಯ ಬಳಿ ಸುಕ್ಕಿಲ್ಲ, ಕೊರಳಿನಲ್ಲಿ ಬಿಗಿಯಿಲ್ಲ. ಬೂದು ಕೋಟಿನಲ್ಲಿ ಕೋಳಿ ಬಡ್ತಿ ಸಿಕ್ಕ ಗುಮಾಸ್ತರಂತೆ ನಾಲ್ಕು ಹೆಜ್ಜೆ ನಡೆಯಿತು.

“ಅರ್ಧ ಗಂಟೆ,” ಅಂದರು ಹೆಡ್‌ಮಾಸ್ತರು ಗಡಿಯಾರ ನೋಡಿ. “ಇದಕ್ಕೆ ಅರ್ಧ ಗಂಟೆ. ನನಗೆ ಒಂದು ತಿಂಗಳು.”

“ಸಾರ್, ಇದಕ್ಕೆ ತೋಳಿಲ್ಲ.”

“ಸಂಜೆ ಆರಕ್ಕೆ ಟ್ರಯಲ್‌ಗೆ ಬರ್ತೀನಿ. ನಾಳೆ ಅಂದೆಯೋ, ಬೆಂಚಿನ ಮೇಲೆ ನಿಲ್ಲಿಸ್ತೀನಿ.”

ಕೋಟಿಗೆ ಕೂರಬೇಕೆಂದು ಟೈಲರ್ ನಿಜವಾಗಿಯೂ ಅಂದುಕೊಂಡ. ಆದರೆ ಅಷ್ಟರಲ್ಲಿ ಕೋಳಿ ಕಣ್ಣು ಮುಚ್ಚಿ ಒಂದು ಕಡೆಗೆ ವಾಲಿತು. ಗಾಬರಿಯಾಗಿ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಸಕ್ಕರೆ ನೀರನ್ನು ಕೊಕ್ಕಿನ ಬದಿಗೆ ಹನಿಹನಿಯಾಗಿ ಬಿಟ್ಟ. ಮೊದಲು ಕುಡಿಯಲಿಲ್ಲ. ಆಮೇಲೆ ಒಂದು ಹನಿ. ಮತ್ತೊಂದು. ಸಣ್ಣ ಬಿಸಿ ಎದೆ ಅವನ ಅಂಗೈಯಲ್ಲಿ ಹೊಲಿಗೆ ಯಂತ್ರಕ್ಕಿಂತ ಜೋರಾಗಿ ಓಡುತ್ತಿತ್ತು. “ಸಾಯಬೇಡ ಕಣವ್ವಾ,” ಅಂದ. ಹೆಂಡತಿಯ ಭಯಕ್ಕೆ ಹೇಳಲು ಹೊರಟ ಮಾತು, ಬಾಯಿಂದ ಬರುವಾಗ ಬೇರೆಯೇ ಆಗಿತ್ತು.

ಕಡೆಗೆ ಅದು ನಿದ್ದೆ ಹೋಯಿತು. ಮಗುವನ್ನು ಮಲಗಿಸಿದವರಿಗೆ ಆ ಹೊತ್ತು ಗೊತ್ತು. ಕಾಲು ಜೋಮು ಹಿಡಿದರೂ ಸರಿಸುವಂತಿಲ್ಲ, ಕೆಮ್ಮು ಬಂದರೆ ನುಂಗಬೇಕು, ಮೂಗು ತುರಿಸಿದರೆ ದೇವರೇ ಗತಿ. ಹೀಗೆ ಕೂತಿದ್ದಾಗ ಜೇಬಿನಲ್ಲಿ ಫೋನು ಗುರುಗುಟ್ಟಿತು.

“ಬಸ್ ಹತ್ತಿದೆ ಕಣ್ರೀ. ಕೆಂಪಿ ಏನ್ಮಾಡ್ತಿದೆ?”

“ಮಲಗಿದೆ,” ಅಂದ ಪಿಸುದನಿಯಲ್ಲಿ.

“ಹಗಲು ಹೊತ್ತಲ್ಲಿ? ಮೊಟ್ಟೆ ಸಿಕ್ತಾ?”

“ಇಲ್ಲ. ನೀನು ಹೋದಾಗಿಂದ ಒಂದೂ ಇಲ್ಲ ಅಂದೆನಲ್ಲ.”

“ಎಲ್ಲೋ ಕದ್ದು ಇಡ್ತಿದೆ. ಹುಡುಕಿ ಅಂತ ಎಷ್ಟು ಸಲ ಹೇಳಿದೆ.”

“ನಾಳೆ—” ಅಂದವನು ನಾಲಿಗೆ ಕಚ್ಚಿಕೊಂಡ.

ಮಧ್ಯಾಹ್ನವೆಲ್ಲ ಕಂಡಕ್ಟರರು ಗೋಡೆಯ ಮೇಲಿಂದ ಇಣುಕುತ್ತಲೇ ಇದ್ದರು. ಒಮ್ಮೆ ತಮ್ಮ ಕೋಳಿಗಳ ಕಾಳು ತಂದುಕೊಟ್ಟರು. ಒಮ್ಮೆ ಮೆತ್ತಗಿರಲಿ ಎಂದು ತಮ್ಮದೇ ದಿಂಬು ತಂದರು. ಇನ್ನೊಮ್ಮೆ ಬಂದು ಕೋಟು ಮುಟ್ಟಿ ನೋಡಿ, “ಪಾಪ, ಎಷ್ಟು ಸಾಧು ಪ್ರಾಣಿ. ನನ್ನವೂ ಇವೆ, ಒಂದಕ್ಕೂ ಈ ಗುಣ ಇಲ್ಲ,” ಎಂದು ಕಣ್ಣೊರೆಸಿಕೊಂಡರು.

ಐದೂಕಾಲಿಗೆ ಹೆಂಡತಿ ಬಂದಳು. ಟೈಲರ್ ಮಾತನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡಿದ್ದ: ಮೊದಲು ನಾಯಿ, ಆಮೇಲೆ ನರ್ಸಕ್ಕ, ಆಮೇಲೆ ಕೋಟು, ಬಾಗಿಲು ಬರಲೇಬಾರದು. ಅವಳು ಕೈಚೀಲ ಇಟ್ಟು, ಡಬ್ಬಿಯೊಳಗಿನ ಬೂದು ಕೋಟಿನ ಕೋಳಿಯನ್ನು ಕಂಡು ನಿಂತಳು. ಅವನು ಉಸಿರು ಬಿಡದೆ ಅಷ್ಟನ್ನೂ ಒಪ್ಪಿಸಿದ. ಅವಳು ಬಗ್ಗಿ, ಕೋಳಿಯ ಬಲಗಾಲನ್ನು ಮೆಲ್ಲನೆ ಎತ್ತಿ ನೋಡಿದಳು.

“ರೀ, ಇದು ಯಾರ ಕೋಳಿ?”

“ಯಾರದು ಅಂದ್ರೆ? ಕೆಂಪಿ.”

“ಕೆಂಪಿ ಬೆರಳು ಸೊಟ್ಟ. ಹುಟ್ಟಿದಾಗಿಂದ ಕುಂಟಿದ್ದು ಅದಕ್ಕೇ ತಾನೆ? ಇದರದ್ದು ನೆಟ್ಟಗಿದೆ. ಹದಿನೇಳು ಥರ ಕಂದು ಬಣ್ಣ ಗುರುತು ಹಿಡೀತೀನಿ ಅಂತೀರಿ, ಮನೆ ಕೋಳಿ ಗುರುತು ಗೊತ್ತಾಗಲಿಲ್ವಾ?”

ಅದೇ ಹೊತ್ತಿಗೆ ಗೋಡೆಯಾಚೆಯಿಂದ ಕಂಡಕ್ಟರರ ದನಿ ಬಂತು. ಗೂಡು ಮುಚ್ಚುವ ಮೊದಲು ದಿನವೂ ತಲೆ ಎಣಿಸುವುದು ಅವರ ಅಭ್ಯಾಸ. ಬಸ್ಸಿನಲ್ಲೂ ಅವರು ತಲೆ ಎಣಿಸಿದ್ದರೇ ಹೊರತು ಮುಖ ನೋಡಿದವರಲ್ಲ. “ಹುಂಜ ಒಂದು. ಹೆಂಟೆ ಒಂದು, ಎರಡು, ಮೂರು, ನಾಲ್ಕು…” ಸ್ವಲ್ಪ ತಡೆದು, ಮತ್ತೆ ಒಂದರಿಂದ. ಮತ್ತೆ ನಾಲ್ಕೇ. ಐದನೆಯ ಹೆಂಟೆ ಇಲ್ಲ.

ಕಿರುಬಾಗಿಲು ಕಿರುಗುಟ್ಟಿತು. ಚಿಲಕ ಇನ್ನೂ ಜೋತಾಡುತ್ತಲೇ ಇತ್ತು. ಕಂಡಕ್ಟರರು ಬಂದು ಡಬ್ಬಿಯ ಮುಂದೆ ನಿಂತರು.

“ಟೈಲರಪ್ಪಾ, ಬೆಳಿಗ್ಗೆ ನೀನೊಂದು ನ್ಯಾಯ ಹೇಳಿದೆಯಲ್ಲ.”

“ಅಣ್ಣಾ, ನಾಯಿ ನಿಮ್ಮದೇ ಅಲ್ವಾ—”

“ನಾಯಿ ನಂದೇ. ಕೋಳೀನೂ ನಂದೇ. ನಮ್ಮ ಹಿತ್ತಿಲಲ್ಲಿ ಎರಡೂ ಒಂದು ವರ್ಷದಿಂದ ಒಟ್ಟಿಗೇ ಇವೆ, ಒಂದು ದಿನ ಮೂಸಿ ನೋಡಿಲ್ಲ ಅದು. ಬಾಗಿಲು ತೆರೆದಿತ್ತು, ಇದು ಗಡಿ ದಾಟ್ತು, ಟಿಕೆಟ್ ಇಲ್ಲದೆ ಹೋಯ್ತು ಅಂತ ಎಳೆದು ತರಕ್ಕೆ ಹೋಗಿದೆ! ಆ ಬಾಗಿಲು ಹೇಗೆ ತೆಗೀತು ಅಂದೆ?”

“ಗಾಳಿ…”

“ಮೊಳೆ,” ಅಂದಳು ಹೆಂಡತಿ, ಒಂದೇ ಮಾತಿನಲ್ಲಿ. “ನಾಲ್ಕು ತಿಂಗಳಿಂದ ಹೇಳ್ತಾ ಇದ್ದೀನಿ ಅಣ್ಣ.”

“ಹಾಗಿದ್ರೆ ವಾಸಿ ಆಗೋವರೆಗೂ ನಿಂದೇ ಪಾಳಿ. ನರ್ಸಕ್ಕ ಸಾಕ್ಷಿ. ದಿಂಬು ಇಟ್ಟುಕೋ, ವಾಸಿ ಆದ ಮೇಲೆ ಕೊಟ್ಟರಾಯ್ತು.”

“ಅದೆಲ್ಲ ಇರಲಿ,” ಹೆಂಡತಿ ಸುತ್ತ ನೋಡಿದಳು. “ನನ್ನ ಕೆಂಪಿ ಎಲ್ಲಿ?”

ಟೈಲರ್ ನೆನಪು ಮಾಡಿಕೊಂಡ: ಕಾಳು ಎಸೆದದ್ದು ನಿಜ, ಅದನ್ನು ತಿಂದವರು ಯಾರೆಂದು ಒಂದು ದಿನವೂ ನೋಡಿರಲಿಲ್ಲ. ಹೆಂಡತಿ ಹಿತ್ತಿಲಿಗೆ ಓಡಿದಳು. ಕಲ್ಲಿನ ಹಿಂದೆ ಇಲ್ಲ, ಸೌದೆಯ ಕೆಳಗೆ ಇಲ್ಲ. ತಿರುಗಿ ಒಳಗೆ ಬಂದಾಗ ಅವಳ ಕಣ್ಣು ತುಂಬಿದ್ದವು. ಅದನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಎನಿಸಿತು ಟೈಲರ್‌ಗೆ.

ಸರಿಯಾಗಿ ಆರಕ್ಕೆ ಹೆಡ್‌ಮಾಸ್ತರು ಬಂದರು. “ಏನಿದು ಗುಂಪು? ನಾನು ಟ್ರಯಲ್‌ಗೆ ಬಂದಿದ್ದೀನಿ,” ಎನ್ನುತ್ತ ನೇರ ಮೂಲೆಗೆ ನಡೆದು, ಪರದೆಯನ್ನು ಸರ್‍ರನೆ ಸರಿಸಿದರು.

ಒಳಗಿಂದ “ಕೊರ್‍ರ್‍ರ್!” ಎಂದು ಯಾರೋ ಗದರಿದರು. ಮೂವತ್ತೈದು ವರ್ಷದ ಸೇವೆಯಲ್ಲಿ ಯಾರೂ ಹಾಗೆ ಗದರಿರಲಿಲ್ಲ. ಹೆಡ್‌ಮಾಸ್ತರು ಎರಡು ಹೆಜ್ಜೆ ಹಿಂದೆ ಬಂದರು.

ಬುಟ್ಟಿಯಲ್ಲಿ ಮೈಯೆಲ್ಲ ಉಬ್ಬಿಸಿಕೊಂಡು ಕೆಂಪಿ ಕೂತಿತ್ತು. ಕೆಳಗೆ, ಒಳ್ಳೆಯ ಉಣ್ಣೆ ಬಟ್ಟೆಯ ಎರಡು ತೋಳು, ಬೆನ್ನು, ಕಾಲರು. ಅವುಗಳ ನಡುವೆ ಎಂಟು ಮೊಟ್ಟೆ.

“ಕಾವಿಗೆ ಕೂತಿದೆ!” ಹೆಂಡತಿಯ ಅಳು, ನಗು ಎರಡೂ ಒಟ್ಟಿಗೇ ಬಂದವು. “ಯಾರೂ ಮುಟ್ಟಬೇಡಿ. ಬುಟ್ಟಿ ಅಲ್ಲಾಡಿಸಿದ್ರೆ ಬಿಟ್ಟು ಎದ್ದುಬಿಡತ್ತೆ. ರೀ, ಎಷ್ಟು ಮೆತ್ತಗೆ ಹಾಸಿಕೊಟ್ಟಿದ್ದೀರಿ!”

“ನಮ್ಮ ಹುಂಜನ ಮರಿಗಳು,” ಅಂದರು ಕಂಡಕ್ಟರರು ಹೆಮ್ಮೆಯಿಂದ.

ಹೆಡ್‌ಮಾಸ್ತರು ಬಹಳ ಹೊತ್ತು ತಮ್ಮ ಕಾಲರನ್ನೇ ನೋಡಿದರು. ಆಮೇಲೆ ಟೈಲರ್ ಕಡೆ ತಿರುಗಿದರು. “ಕೋಟು ಯಾವಾಗ?”

ಎಲ್ಲರೂ ಅವನ ಬಾಯಿ ನೋಡಿದರು. ಅವನು ಹೆಂಡತಿಯ ಮುಖ ನೋಡಿದ. ಅವಳು ಬೆರಳು ಮಡಚಿ ಲೆಕ್ಕ ಹಾಕಿ ಅವನ ಕಿವಿಯಲ್ಲಿ ಹೇಳಿದಳು. ಟೈಲರ್ ಜನ್ಮದಲ್ಲಿ ಮೊದಲ ಬಾರಿಗೆ ಗಿರಾಕಿಯೊಬ್ಬರಿಗೆ ನಿಖರವಾದ ದಿನ ಕೊಟ್ಟ.

“ಇಪ್ಪತ್ತೊಂದು ದಿನ ಬಿಟ್ಟು ಬನ್ನಿ ಸಾರ್.”

ಅವರು ಬೆಂಚು ಹುಡುಕಿದರು. ಅಂಗಡಿಯಲ್ಲಿ ಬೆಂಚು ಇರಲಿಲ್ಲ.

ಎಲ್ಲರೂ ಹೋದ ಮೇಲೆ ಟೈಲರ್ ಒಂದು ನಿರ್ಧಾರಕ್ಕೆ ಬಂದ. ಹುಡುಕಿ ಹುಡುಕಿ ಸುತ್ತಿಗೆ ತೆಗೆದ, ಡಬ್ಬಿಯಿಂದ ಉದ್ದನೆಯ ಮೊಳೆ ಆರಿಸಿದ, ಹಿತ್ತಿಲಿಗೆ ಹೋಗಿ ಚಿಲಕಕ್ಕೆ ಒತ್ತಿಹಿಡಿದು ಕೈ ಎತ್ತಿದ.

“ಶ್!” ಹಿಂಬಾಗಿಲಿನಿಂದ ಹೆಂಡತಿ ಓಡಿಬಂದು ಕೈ ಹಿಡಿದಳು. “ಸದ್ದು ಮಾಡಬೇಡಿ ಕಣ್ರೀ, ಕೆಂಪಿ ಬೆದರತ್ತೆ. ಈಗೇನು ಅವಸರ? ನಾಳೆ ನೋಡೋಣ.”

ಅವನು ಸ್ಟೂಲು ತಂದು ಕಿರುಬಾಗಿಲಿಗೆ ಬೆನ್ನು ಕೊಟ್ಟು ಕೂತ. ತೊಡೆಯ ಮೇಲೆ ಕೋಟು ತೊಟ್ಟ ಕೋಳಿ. ಬಾಗಿಲಿನ ಆಚೆ ಬದಿಯಿಂದ, ಬಿಡುಗಡೆಯಾದ ಇನ್‌ಸ್ಪೆಕ್ಟರ್, ಒಳಗೆ ಯಾರಿದ್ದಾರೆಂದು ಮೂಗಿನಿಂದ ಮೆಲ್ಲನೆ ತಳ್ಳಿ ನೋಡಿತು.