ಬಂಗಾರದ ನೀರು ಮತ್ತು ಗುರುಸಿದ್ದಪ್ಪನವರ ಕೊಬ್ಬರಿ

ನನಗೆ ಕಾಯುವುದು ಬರುವುದಿಲ್ಲ. ಇದನ್ನು ದೊಡ್ಡ ಗುಣವೆಂದು ಹೇಳಿಕೊಳ್ಳುತ್ತಿಲ್ಲ, ಡಾಕ್ಟರ ಮುಂದೆ ಕೂತು ಕಾಯಿಲೆ ಹೇಳಿಕೊಳ್ಳುವವನಂತೆ ಹೇಳುತ್ತಿದ್ದೇನೆ. ಕುಕ್ಕರಿನ ಆವಿ ಇಳಿಯುವ ಮೊದಲೇ ಚಮಚದಿಂದ ವೆಯ್ಟ್ ಎತ್ತಿ, ಬೇಳೆಯನ್ನು ಅಡುಗೆಮನೆಯ ಸೂರಿಗೆ ತಲುಪಿಸಿದವನು ನಾನು. ತಿಪಟೂರು ಬಸ್ ನಿಲ್ದಾಣದಲ್ಲಿ ತುರುವೇಕೆರೆ ಬಸ್ಸು ಹತ್ತು ನಿಮಿಷ ತಡವಾಯಿತೆಂದು ಹೊರಟು ನಿಂತಿದ್ದ ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿ ಕೂತದ್ದೂ ಉಂಟು. ಟಿಕೆಟ್ ಹರಿಯುವಾಗ ಕಂಡಕ್ಟರು, "ಎಲ್ಲಿಗೆ ಸಾರ್?" ಎಂದು ಕೇಳಿದಾಗ, ಇದು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಎಂದೆ. ಬಸ್ಸು ಚಲಿಸುತ್ತಿತ್ತಲ್ಲ, ಅಷ್ಟು ಹೊತ್ತಿನ ಮಟ್ಟಿಗೆ ಜೀವಕ್ಕೆ ನೆಮ್ಮದಿಯಾಗಿತ್ತು.

ಇಂಥವನು ಬದುಕಿಗಾಗಿ ಹಿಡಿದದ್ದು ರಸಾಯನಶಾಸ್ತ್ರದ ಮೇಷ್ಟ್ರ ಕೆಲಸ. ಅದರಲ್ಲಿ ಅರ್ಧ ಕೆಲಸ ಕಾಯುವುದೇ. ಕುದಿಯಲು ಕಾಯಬೇಕು, ಆರಲು ಕಾಯಬೇಕು, ತಳಕ್ಕೆ ಇಳಿಯಲು ಕಾಯಬೇಕು. ಮಕ್ಕಳಿಗೆ "ಹನಿ ಹನಿಯಾಗಿ ಬಿಡ್ರಪ್ಪ" ಎಂದು ಹೇಳಿ, ಅವರು ಹಾಗೆ ಬಿಡುತ್ತಿರುವುದನ್ನು ನೋಡಲಾಗದೆ ಕಾರಿಡಾರಿನಲ್ಲಿ ಶತಪಥ ಹಾಕುತ್ತೇನೆ. ನನ್ನ ಚಪ್ಪಲಿಗಳು ಹಿಮ್ಮಡಿಯ ಕಡೆ ಮಾತ್ರ ಸವೆಯುವುದನ್ನು ಕಂಡು ನನ್ನ ಹೆಂಡತಿ ಶೈಲಜಾ, "ಕಾಲೇಜಿನವರು ನಿಮಗೆ ಸಂಬಳ ಕೊಡೋದು ಪಾಠಕ್ಕೋ, ನಡೆಯೋದಕ್ಕೋ?" ಎಂದು ಒಮ್ಮೆ ಕೇಳಿದ್ದಳು.

ಹೋದ ವರ್ಷ ನನ್ನ ತಲೆಗೆ ಒಂದು ಹುಳು ಹೊಕ್ಕಿತು. ಬಂಗಾರವನ್ನು ಕೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟು ಚಿಕ್ಕ ಕಣಗಳನ್ನಾಗಿ ಮಾಡಿ ನೀರಿನಲ್ಲಿ ತೇಲಿಬಿಟ್ಟರೆ, ಆ ನೀರು ಹಳದಿಯಾಗಿರುವುದಿಲ್ಲ, ದಾಳಿಂಬೆ ರಸದಂತೆ ಕೆಂಪಗಿರುತ್ತದೆ. ಕಣಗಳು ಒಂದಕ್ಕೊಂದು ಅಂಟಿಕೊಂಡರೆ ಅದೇ ನೀರು ನೀಲಿಗೆ ತಿರುಗುತ್ತದೆ. ಈ ಬಣ್ಣದಾಟದಿಂದ ರಕ್ತದಲ್ಲಿ, ಹಾಲಿನಲ್ಲಿ, ಕಾಳಿನಲ್ಲಿ ಏನೇನಿದೆ ಎಂದು ಪತ್ತೆ ಮಾಡುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ನಮ್ಮ ತಿಪಟೂರಿನಲ್ಲಿ ಪತ್ತೆ ಮಾಡಬೇಕಾದದ್ದು ಇನ್ನೇನಿದೆ, ಕೊಬ್ಬರಿ ತಾನೆ? ಉಂಡೆ ಕೊಬ್ಬರಿ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಒಳಗೆ ಬೂಷ್ಟು ಹಿಡಿದಿರಬಹುದು. ಬೂಷ್ಟು ಒಂದು ಕಿಣ್ವವನ್ನು ಬಿಡುತ್ತದೆ, ಆ ಕಿಣ್ವ ಕೊಬ್ಬರಿಯ ಎಣ್ಣೆಯನ್ನು ಒಡೆದು ಕಮಟು ಮಾಡುತ್ತದೆ. ಉಂಡೆಯನ್ನು ಒಡೆಯದೆ, ಸೂಜಿಯಿಂದ ಚುಚ್ಚಿ ತೆಗೆದ ಚಿಟಿಕೆ ಪುಡಿಯಲ್ಲೇ ಆ ಕಿಣ್ವವನ್ನು ಹಿಡಿಯಬೇಕೆಂಬುದು ನನ್ನ ಆಸೆ. ಉಪಾಯವೂ ಸರಳ. ಬಂಗಾರದ ಕಣಗಳಿಗೆ ಸಾಬೂನಿನಂಥ ಒಂದು ಪದಾರ್ಥದ ಅಂಗಿ ತೊಡಿಸುವುದು. ಕಿಣ್ವವಿದ್ದರೆ ಅಂಗಿಯನ್ನು ಹರಿಯುತ್ತದೆ, ಬರಿಮೈಯ ಕಣಗಳು ಒಂದನ್ನೊಂದು ತಬ್ಬಿಕೊಂಡು ನೀರು ನೀಲಿಯಾಗುತ್ತದೆ. ಕಿಣ್ವವಿಲ್ಲದಿದ್ದರೆ ಕೆಂಪು ಕೆಂಪಾಗಿಯೇ ಉಳಿಯುತ್ತದೆ.

ಕಾಲೇಜಿನ ಫ್ರಿಜ್ ಕೆಟ್ಟಿದ್ದರಿಂದ ಬಂಗಾರದ ನೀರಿನ ಬಾಟಲಿ ನಮ್ಮ ಮನೆಯ ಫ್ರಿಜ್ಜಿಗೆ, ಉಪ್ಪಿನಕಾಯಿಯ ಪಕ್ಕಕ್ಕೆ ಬಂತು. ಶೈಲಜಾ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದರಲ್ಲಿ ಎಷ್ಟು ಗ್ರಾಂ ಇದೆ?" ಎಂದಳು. ಮೂಗುಬೊಟ್ಟಿನ ತಿರುಪಿಗೂ ಸಾಲದು ಎಂದೆ. ಅವಳ ಆಸಕ್ತಿ ಕುಗ್ಗಿದ್ದು ಕಂಡು, ಮಗಳು ಹುಟ್ಟುವ ಮುಂಚೆ ಮನೆಯಲ್ಲೇ ಬಸಿರು ಪರೀಕ್ಷೆ ಮಾಡಿಕೊಂಡ ಪಟ್ಟಿಯಲ್ಲಿ ಮೂಡಿದ ಕೆಂಪು ಗೆರೆಯೂ ಇಂಥದೇ ಬಂಗಾರದ ಕಣಗಳದ್ದು ಎಂದು ತಿಳಿಸಿದೆ. "ಆಗಲೇ ಹೇಳಿದ್ದರೆ ತೆಗೆದಿಡುತ್ತಿದ್ದೆನಲ್ಲ" ಎಂದು ಬಾಟಲಿಯನ್ನು ಇಟ್ಟು ಬಾಗಿಲು ಮುಚ್ಚಿದಳು.

ಪರೀಕ್ಷೆಗೆ ಕೊಬ್ಬರಿ ಕೊಟ್ಟವರು ಅವಳ ಸೋದರಮಾವ ಗುರುಸಿದ್ದಪ್ಪನವರು. ಹಂದನಕೆರೆ ಕಡೆಯವರು. ತೋಟದ ತೆಂಗಿನಕಾಯಿಗಳನ್ನು ಅಟ್ಟದ ಮೇಲೆ ಹರವಿ, ಒಂದು ವರ್ಷ ಮುಟ್ಟದೆ ಬಿಟ್ಟು, ಅವು ತಾವಾಗಿಯೇ ಒಳಗೆ ಒಣಗಿ ಕೊಬ್ಬರಿಯಾಗುವವರೆಗೆ ಸುಮ್ಮನಿರಬಲ್ಲ ಮನುಷ್ಯ. ನನಗೆ ಆ ಅಟ್ಟದ ಕೆಳಗೆ ಕೂತು ಕಾಫಿ ಕುಡಿಯುವುದೇ ಕಷ್ಟ. ಮೇಲೆ ಅಷ್ಟೊಂದು ಕಾಯಿಗಳು ಏನೂ ಮಾಡದೆ ಕೂತಿವೆ ಎಂಬ ಯೋಚನೆಗೇ ಕಾಲು ಕುಣಿಯತೊಡಗುತ್ತದೆ. ಮಾವ ಆರು ಉಂಡೆಗಳನ್ನು ಕೈಚೀಲಕ್ಕೆ ಹಾಕಿ, "ಓದ್ದೋರು ನೀವು, ಏನಾರ ಒಳ್ಳೇದ್ ಮಾಡಿ. ಬರೋ ವಾರ ಈ ಮಾಲು ಮಾರ್ಕೆಟ್‌ಗೆ ಬಿಡ್ತೀನಿ, ಅಷ್ಟ್ರೊಳಗೆ ಹೇಳುದ್ರೆ ಸಾಕು" ಎಂದರು.

ಒಂದು ವಾರ ಸಮಯ ಇತ್ತು ಎಂಬುದನ್ನು ಓದುಗರು ಗಮನಿಸಬೇಕು. ಕಣಗಳಿಗೆ ಅಂಗಿ ಸರಿಯಾಗಿ ಕೂರಬೇಕಾದರೆ ಒಂದು ಇಡೀ ದಿನ ಬಿಡಬೇಕೆಂದು ನಾನು ಓದಿದ ಎಲ್ಲ ಕಡೆಯೂ ಬರೆದಿತ್ತು. ನಾನು ಅರ್ಧ ಗಂಟೆ ಬಿಟ್ಟೆ. ಆ ಅರ್ಧ ಗಂಟೆಯಲ್ಲಿ ಕಾರಿಡಾರಿನ ಉದ್ದವನ್ನು ನಲವತ್ತು ಸಲ ಅಳೆದೆ. ಆಮೇಲೆ ಆರು ಪುಟ್ಟ ಕೊಳವೆಗಳಿಗೆ ಕೆಂಪು ನೀರು ಸುರಿದು, ಆರು ಉಂಡೆಗಳ ಪುಡಿ ನೆನೆಸಿದ ತಿಳಿಯನ್ನು ಹನಿಸಿದೆ. ಕಣ್ಣ ಮುಂದೆಯೇ ಆರೂ ನೀಲಿಯಾದವು. ಎಂಥ ನೀಲಿ ಅಂತೀರಿ, ಶಾಯಿಯಂಥ ನೀಲಿ. ಇಪ್ಪತ್ತು ವರ್ಷ ಪಾಠ ಹೇಳಿದ್ದರಲ್ಲಿ ನನ್ನ ಕೈಯಿಂದ ಏನಾದರೂ ಇಷ್ಟು ಬೇಗ, ಇಷ್ಟು ಚಂದ ಆದದ್ದು ಅದೇ ಮೊದಲು. ಕೊಳವೆಗಳನ್ನು ಹಾಗೇ ಬಿಟ್ಟು ಮಾವನಿಗೆ ಫೋನ್ ಮಾಡಿದೆ. ಅವರು ಎತ್ತಲಿಲ್ಲ. ಸುಮ್ಮನೆ ಕೂರಲಾಗದೆ ಮಾರುಕಟ್ಟೆಯ ಎದುರಿನ ಹೋಟೆಲಿಗೆ ಹೋದೆ. ಅಲ್ಲಿ ಮಾವನ ಮಾಲನ್ನು ಹರಾಜಿಗಿಡುವ ಮಂಡಿಯ ರಾಜಣ್ಣ ಕಾಫಿ ಕುಡಿಯುತ್ತಿದ್ದರು. ಏನ್ ಸಮಾಚಾರ ಮೇಷ್ಟ್ರೇ ಎಂದು ಅವರು ಕೇಳಿದ್ದು ಬರೀ ಮರ್ಯಾದೆಗೆ. ನಾನು ಪೂರ್ತಿ ಸಮಾಚಾರ ಹೇಳಿದೆ.

ಅಂದೇ ಸಂಜೆ ಮಾವನಿಗೆ ಸುದ್ದಿ ಮುಟ್ಟಿತು, ನನ್ನಿಂದಲ್ಲ, ರಾಜಣ್ಣನವರಿಂದ. ಮಾಲು ಈ ವಾರ ತರಬೇಡಿ, ಬೂಷ್ಟು ಅಂತ ನಾಲ್ಕು ಜನಕ್ಕೆ ಗೊತ್ತಾಗಿದೆ, ಖರೀದಿಯವರು ಮುಟ್ಟೋದಿಲ್ಲ ಎಂದರಂತೆ. ಮರುದಿನ ಬೆಳಿಗ್ಗೆ ನಾವು ಹಂದನಕೆರೆಗೆ ಹೋದಾಗ ಮಾವ ಜಗಲಿಯ ಮೇಲೆ ಕೂತು ಕೊಬ್ಬರಿ ಒಡೆಯುತ್ತಿದ್ದರು. ಇಡಿಯಾಗಿ ಮಾರಬೇಕಾದ ಉಂಡೆಗಳನ್ನು ಒಂದೊಂದಾಗಿ ಒಡೆದು, ಒಳಗೆ ಮೂಸಿ, ಪಕ್ಕಕ್ಕಿಡುತ್ತಿದ್ದರು. ಒಂದು ಚೀಲ ಖಾಲಿಯಾಗಿತ್ತು. ಹೋಳುಗಳು ಒಳಗೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು.

"ಎಲ್ಲೈತೆ ಬೂಷ್ಟು?" ಎಂದರು. ಕೋಪವಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿದ್ದು. "ಅಲ್ಲಾ ಕಣಪ್ಪ, ನಮ್ಮಪ್ಪನ ಕಾಲ್ದಿಂದ ಯಾರೂ ನಮ್ ಮಾಲಿಗೆ ಒಂದ್ ಮಾತಾಡಿಲ್ಲ. ನೀವು ಹೇಳುದ್ರಿ ಅಂದ್ಮೇಲೆ ನನ್ ಮೂಗೇ ಕೆಟ್ಟೋಯ್ತೇನೋ ಅಂತ ಒಡೀತಾ ಕುಂತೆ."

ಶೈಲಜಾ ನನ್ನ ಕಡೆ ನೋಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹೋಳುಗಳನ್ನು ಬುಟ್ಟಿಗೆ ತುಂಬತೊಡಗಿದಳು. ಬಸ್ಸಿನಲ್ಲಿ ವಾಪಸು ಬರುವಾಗ ಇಷ್ಟೇ ಕೇಳಿದಳು: "ಕೊಬ್ಬರಿ ಹಾಕದೆ ಬರೀ ನೀರು ಹಾಕಿದ್ದರೆ ಯಾವ ಬಣ್ಣ ಬರುತ್ತಿತ್ತು?"

ಆ ಪ್ರಶ್ನೆಯನ್ನು ನಾನು ಪ್ರತಿ ವರ್ಷ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮಕ್ಕಳಿಗೆ ಕೇಳುತ್ತೇನೆ. ಉತ್ತರಿಸದವರ ಅಂಕ ಕಳೆಯುತ್ತೇನೆ. ಬಸ್ಸಿಳಿದವನು ನೇರ ಕಾಲೇಜಿಗೆ ಹೋಗಿ, ಉಳಿದ ಕೆಂಪು ನೀರಿಗೆ ಮತ್ತೆ ಅಷ್ಟೇ ಅರ್ಧ ಗಂಟೆಯ ಅಂಗಿ ತೊಡಿಸಿ, ಪುಡಿ ನೆನೆಸಲು ಬಳಸಿದ್ದ ನಲ್ಲಿ ನೀರನ್ನಷ್ಟೇ ಹನಿಸಿದೆ. ನೀಲಿಯಾಯಿತು. ಬೋರ್‌ವೆಲ್ಲಿನ ಆ ಗಡಸು ನೀರಿನ ಉಪ್ಪೇ ಅಂಗಿ ಅರ್ಧಂಬರ್ಧ ತೊಟ್ಟ ಕಣಗಳನ್ನು ಒಂದುಗೂಡಿಸಿಬಿಟ್ಟಿತ್ತು. ಮೊದಲ ದಿನವೂ ಬಟ್ಟಿ ಇಳಿಸಿದ ನೀರಿನ ಕ್ಯಾನು ಪಕ್ಕದ ಕೋಣೆಯಲ್ಲೇ ಇತ್ತು; ಬೀಗದ ಕೈ ತರಲು ಹೋದ ಅಟೆಂಡರಿಗಾಗಿ ಕಾಯಬೇಕಾಗುತ್ತಿತ್ತು.

ಹರಾಜಿನ ದಿನ ಮಾರುಕಟ್ಟೆಗೆ ಹೋದೆ. ಚೀಲಗಳ ಮಧ್ಯೆ ರಾಜಣ್ಣನವರೂ ಏಳೆಂಟು ಖರೀದಿದಾರರೂ ನಿಂತಿದ್ದರು. ಅವರೆದುರು ನಿಂತು, ಗುರುಸಿದ್ದಪ್ಪನವರ ಕೊಬ್ಬರಿಯಲ್ಲಿ ದೋಷವಿಲ್ಲ, ದೋಷ ನನ್ನ ಪರೀಕ್ಷೆಯದ್ದು, ನಾನು ಅವಸರ ಮಾಡಿದೆ ಎಂದೆ. ಇಷ್ಟು ಚಿಕ್ಕ ವಾಕ್ಯವನ್ನು ತರಗತಿಯಲ್ಲಿ ನಾನು ಯಾವತ್ತೂ ಆಡಿದವನಲ್ಲ. ಖರೀದಿದಾರರಲ್ಲಿ ಒಬ್ಬರು, "ಆ ಬಂಗಾರದ ನೀರಲ್ಲಿ ಒಡವೆ ಅಸಲೋ ನಕಲಿಯೋ ಅಂತ ಗೊತ್ತಾಯ್ತದಾ ಸಾ?" ಎಂದು ಕೇಳಿದರು. ಇಲ್ಲ ಎಂದೆ. "ಹಂಗಾರೆ ಬುಡಿ" ಎಂದು ಅವರು ಚೀಲದ ಕಡೆ ತಿರುಗಿದರು. ರಾಜಣ್ಣ ಮಾತ್ರ ನನ್ನ ಭುಜ ಮುಟ್ಟಿ, "ಮುಂದಿನ ಹರಾಜಿಗೆ ತರೋಕೆ ಹೇಳಿ. ನಾನೇ ಮುಂದೆ ನಿಂತು ಕೂಗುಸ್ತೀನಿ" ಎಂದರು. ಹಾಗೆಯೇ ಮಾಡಿದರು. ಒಡೆದ ಒಂದು ಚೀಲ ಎಣ್ಣೆಗೆ ಹೋಯಿತು, ಉಳಿದ ಮಾಲು ಹೋಗಬೇಕಾದಂತೆ ಹೋಯಿತು.

ಇಷ್ಟಕ್ಕೇ ಮುಗಿಸಿದ್ದರೆ ಜಾಣತನವಾಗುತ್ತಿತ್ತು. ಆದರೆ ಸೋತ ಜಾಗದಲ್ಲಿ ಸುಮ್ಮನಿರುವುದೂ ಒಂದು ಬಗೆಯ ಕಾಯುವಿಕೆಯೇ. ಹೊಸದಾಗಿ ಬಂಗಾರದ ನೀರು ಕಾಯಿಸಿ, ಅಂಗಿಗೆ ಪೂರ್ತಿ ಒಂದು ದಿನ ಬಿಟ್ಟೆ. ಆ ದಿನ ನಾನು ಬಾಟಲಿಯ ಹತ್ತಿರ ಸುಳಿಯದಂತೆ ಶೈಲಜಾ ಫ್ರಿಜ್ಜಿಗೆ ಬೀಗ ಹಾಕಿ ಕೀಯನ್ನು ತಾಳಿಸರಕ್ಕೆ ಸಿಕ್ಕಿಸಿಕೊಂಡಿದ್ದಳು. ಮಧ್ಯಾಹ್ನ ಮಜ್ಜಿಗೆ ಬೇಕೆಂದು ನಾಲ್ಕು ಸಲ ಕೇಳಿದೆ. ನಾಲ್ಕು ಸಲವೂ ಅವಳೇ ಬಂದು ತೆಗೆದುಕೊಟ್ಟು ಮತ್ತೆ ಬೀಗ ಹಾಕಿದಳು. ಮಾರನೆಯ ದಿನ ಮಾವ ತಾವೇ ಏಳು ಉಂಡೆಗಳನ್ನು ಹಿಡಿದುಕೊಂಡು ಕಾಲೇಜಿಗೆ ಬಂದರು. ಈ ಸಲ ಬಟ್ಟಿ ಇಳಿಸಿದ ನೀರು, ಜೊತೆಗೆ ಬರೀ ನೀರಿನ ಒಂದು ಕೊಳವೆ. ಎಂಟೂ ಕೆಂಪಗಿದ್ದವು. ಕಾಲು ಗಂಟೆ ಕಳೆಯಿತು. ನಾನು ಎದ್ದೆ, ಕೂತೆ, ಕಿಟಕಿಗೆ ಹೋದೆ, ಪಂಖದ ಸ್ವಿಚ್ಚನ್ನು ಹಾಕಿ ಆರಿಸಿದೆ. ಮಾವ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದರು, ಅವರಿಗೆ ಅದೂ ಒಂದು ಅಟ್ಟ.

"ಕುಂತ್ಕಳಿ. ನೀವು ಓಡಾಡುದ್ರೆ ಅದೇನ್ ಬ್ಯಾಗ ಆಗಲ್ಲ" ಎಂದರು.

ಮುಕ್ಕಾಲು ಗಂಟೆಗೆ ನಾಲ್ಕನೆಯ ಕೊಳವೆ ನೇರಳೆಯಾಯಿತು. ಇನ್ನೊಂದು ಸ್ವಲ್ಪ ಹೊತ್ತಿಗೆ ನೀಲಿ. ಉಳಿದವು ಕೆಂಪಾಗಿಯೇ ನಿಂತವು. ಮಾವ ನಾಲ್ಕನೆಯ ಉಂಡೆಯನ್ನು ಎತ್ತಿ ಟೇಬಲ್ಲಿನ ಅಂಚಿಗೆ ಬಡಿದರು. ಒಳಗೆ ಕಪ್ಪು ಹಸಿರು ಬೂಷ್ಟು, ಬಳೆಯಷ್ಟಗಲ.

ನಾನು ಗೆದ್ದವನಂತೆ ಅವರ ಮುಖ ನೋಡಿದೆ. ಅವರು ಬೂಷ್ಟನ್ನು ನೋಡಲೂ ಇಲ್ಲ, ಹೋಳುಗಳನ್ನು ಕಾಗದದಲ್ಲಿ ಸುತ್ತಿದರು.

"ಇದು ಅಟ್ಟದಿಂದ ಇಳಿಸುವಾಗ್ಲೇ ಗೊತ್ತಾಗಿತ್ತು ಕಣಪ್ಪ. ಅಲ್ಲಾಡಿಸುದ್ರೆ ಸದ್ದು ಬ್ಯಾರೆ ಬರ್ತಿತ್ತು. ನಿಮ್ ನೀರು ನಿಜ ಹೇಳ್ತದೋ ಇಲ್ವೋ ನೋಡಾನ ಅಂತ ಬೆರೆಸಿ ತಂದೆ. ಪರ್ವಾಗಿಲ್ಲ, ಹೇಳ್ತು."

ವಿಜ್ಞಾನದಲ್ಲಿ ಇದಕ್ಕೆ ಕುರುಡು ಪರೀಕ್ಷೆ ಎನ್ನುತ್ತಾರೆ. ಪರೀಕ್ಷೆ ಮಾಡುವವನಿಗೆ ಗೊತ್ತಿಲ್ಲದಂತೆ ಉತ್ತರ ಗೊತ್ತಿರುವ ಒಂದನ್ನು ಸೇರಿಸಿಡುವುದು. ಹತ್ತನೆಯ ತರಗತಿ ಮುಗಿಸದ ಮನುಷ್ಯ ಅದನ್ನು ಮೇಷ್ಟ್ರ ಮೇಲೆಯೇ ಮಾಡಿ ಮುಗಿಸಿ, ಕಾಫಿ ಕುಡಿದು ಹಂದನಕೆರೆ ಬಸ್ಸು ಹತ್ತಿದರು. ನಾನು ಆ ವಾರವೇ ವರದಿ ಬರೆದು, ಕುರುಡು ಪರೀಕ್ಷೆಯನ್ನೂ ನಡೆಸಲಾಯಿತು ಎಂದು ಗಂಭೀರವಾಗಿ ಸೇರಿಸಿದೆ. ಯಾರು ನಡೆಸಿದರು ಎಂದು ಬರೆಯಲು ಮಾತ್ರ ಕೈ ಬರಲಿಲ್ಲ.

ಶೈಲಜಾ ಹಾಳೆಗಳನ್ನು ನಿಧಾನವಾಗಿ ಓದಿ ವಾಪಸು ಕೊಟ್ಟಳು. "ಎಲ್ಲ ಸರಿ ಇದೆ. ಕುರುಡರು ಯಾರು ಅಂತ ಒಂದು ಸಾಲು ಸೇರಿಸಿಬಿಡಿ" ಎಂದಳು.